ಕೂದಲಿನ ಬುಡಕ್ಕೆ ಬೆಳಕು: ಪೈಲೊನಿಡಲ್ ರೋಗ ಮತ್ತು ಲೇಸರ್

2023ರ ನವೆಂಬರಿನಲ್ಲಿ ಅಮೆರಿಕದ ‘ಜಾಮಾ ಸರ್ಜರಿ’ ಪತ್ರಿಕೆ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿತು. ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿರುವ ನೇಷನ್‌ವೈಡ್ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪೀಟರ್ ಮಿನೆಸಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗವದು. ಪೈಲೊನಿಡಲ್ ರೋಗವಿದ್ದ, 11ರಿಂದ 21 ವರ್ಷದೊಳಗಿನ 302 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಸಮ ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯ ಆರೈಕೆ: ಜಾಗವನ್ನು ಸ್ವಚ್ಛವಾಗಿಟ್ಟುಕೊಳ್ಳುವುದು, ರೇಜರಿನಿಂದಲೋ ಕ್ರೀಮಿನಿಂದಲೋ ಕೂದಲು ತೆಗೆಯುವುದು. ಇನ್ನೊಂದು ಗುಂಪಿಗೆ ಇದರ ಜೊತೆಗೆ ನಾಲ್ಕರಿಂದ ಆರು ವಾರಕ್ಕೊಮ್ಮೆಯಂತೆ ಐದು ಬಾರಿ ಲೇಸರ್. ವರ್ಷದ ಕೊನೆಗೆ ನೋಡಿದರೆ ವಾಡಿಕೆಯ ಆರೈಕೆ ಪಡೆದವರಲ್ಲಿ ಶೇ. 33.6 ಮಂದಿಗೆ ರೋಗ ಮರಳಿತ್ತು. ಲೇಸರ್ ಪಡೆದವರಲ್ಲಿ ಶೇ. 10.4.

ಮೂರರಲ್ಲೊಬ್ಬರಿಗೆ ಮರಳುತ್ತಿದ್ದ ಕಾಯಿಲೆ ಹತ್ತರಲ್ಲೊಬ್ಬರಿಗೆ ಇಳಿಯಿತು ಎಂದರೆ ಅದು ಸಣ್ಣ ಸುದ್ದಿಯಲ್ಲ. ಈ ರೋಗವನ್ನು ಒಮ್ಮೆ ಅನುಭವಿಸಿದ ಯಾರನ್ನು ಕೇಳಿದರೂ ಮೊದಲು ಹೇಳುವುದು ‘ಮತ್ತೆ ಬಂತು’ ಎಂಬ ಮಾತನ್ನೇ. ಅಂಥವರ ಕಣ್ಣಿಗೆ ಈ ಅಂಕಿ ವರದಂತೆ ಕಾಣುವುದು ಸಹಜ. ಹಾಗಾಗಿಯೇ ಇದನ್ನು ನಿಧಾನವಾಗಿ ಓದಬೇಕು ಅನ್ನಿಸಿತು. ಈ ಚಿಕಿತ್ಸೆಯ ಪರವಾಗಿಯೇ ನಾನು ಬರೆಯುತ್ತಿದ್ದೇನೆ. ಆದರೆ ಅದರ ಹೆಸರಿನಲ್ಲಿ ಈಗ ಮಾರಾಟವಾಗುತ್ತಿರುವ ಎಲ್ಲದರ ಪರವಾಗಿ ಅಲ್ಲ.

ರೋಗದ ಪರಿಚಯವಿಲ್ಲದವರಿಗೆ ಎರಡು ಮಾತು. ಬೆನ್ನುಮೂಳೆ ಮುಗಿಯುವಲ್ಲಿ, ಪೃಷ್ಠದ ಸೀಳಿನ ಮೇಲ್ತುದಿಯಲ್ಲಿ, ಚರ್ಮದಲ್ಲಿ ಸೂಜಿಮೊನೆಯಷ್ಟು ಕುಳಿಗಳು ಮೂಡುತ್ತವೆ. ಅವುಗಳೊಳಗೆ ಬಿಡಿ ಕೂದಲು ಹೊಕ್ಕು ಚರ್ಮದಡಿ ಗೂಡು ಕಟ್ಟುತ್ತದೆ. ದೇಹ ಅದನ್ನು ಹೊರಗಿನ ವಸ್ತುವೆಂದು ಎದುರಿಸುತ್ತದೆ. ಉರಿಯೂತ, ಕೀವು, ಕುರು, ಆಮೇಲೆ ಒಸರುತ್ತಲೇ ಇರುವ ನಾಳ. ಹೆಚ್ಚಾಗಿ ಹದಿಹರೆಯದಿಂದ ಮೂವತ್ತರ ಆಸುಪಾಸಿನವರೆಗೆ ಕಾಡುವ ಈ ಕಾಯಿಲೆ ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಎರಡು ಪಟ್ಟು. ವರ್ಷಕ್ಕೆ ಲಕ್ಷ ಜನರಲ್ಲಿ 26 ಮಂದಿಗೆ ಎಂಬ ನಾರ್ವೆಯ ಅಂದಾಜನ್ನು ಪಠ್ಯಗಳು ಮತ್ತೆ ಮತ್ತೆ ಉಲ್ಲೇಖಿಸುತ್ತವೆ. ಪ್ರಾಣ ತೆಗೆಯುವ ರೋಗವಲ್ಲ. ಕಾಲೇಜು, ಮೊದಲ ಕೆಲಸ, ಮದುವೆಯ ಮಾತುಕತೆ ನಡೆಯುವ ವಯಸ್ಸಿನಲ್ಲಿ ಕೂರಲು ಬಿಡದ ರೋಗ.

ಇದನ್ನು ವೈದ್ಯಲೋಕ ಬಹುಕಾಲ ತಪ್ಪಾಗಿ ತಿಳಿದಿತ್ತು. ಹುಟ್ಟಿನಿಂದಲೇ ಚರ್ಮದಡಿ ಉಳಿದುಬಂದ ದೋಷ ಇದು, ಆದ್ದರಿಂದ ಆ ಭಾಗವನ್ನೆಲ್ಲ ಅಗಲವಾಗಿ ಕತ್ತರಿಸಿ ತೆಗೆಯಬೇಕು ಎಂಬುದು ನಂಬಿಕೆಯಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವೊಂದರಲ್ಲೇ 75,000ಕ್ಕೂ ಹೆಚ್ಚು ಮಂದಿ ಈ ರೋಗದಿಂದ ಆಸ್ಪತ್ರೆ ಸೇರಿದರು. ಕುಲುಕಾಡುವ ವಾಹನಗಳಲ್ಲಿ ಓಡಾಡುವವರಿಗೆ ಬರುತ್ತದೆಂದು 1944ರಲ್ಲಿ ವೈದ್ಯ ಲೂಯಿ ಬ್ಯೂಯಿ ಇದನ್ನು ‘ಜೀಪ್ ರೋಗ’ ಎಂದೇ ಕರೆದರು. ಯುವ ಸೈನಿಕರ ದೇಹದಿಂದ ಅಂಗೈಯಗಲ ಮಾಂಸ ತೆಗೆದು, ಗಾಯವನ್ನು ತೆರೆದೇ ಬಿಟ್ಟು, ವಾರಗಟ್ಟಲೆ ಡ್ರೆಸ್ಸಿಂಗ್ ಮಾಡುತ್ತ ಕೂರಿಸಿದರು. ಗಾಯ ಮಾಯುವುದು ತಡವಾಯಿತು. ಮಾಯ್ದ ಮೇಲೂ ಹಲವರಿಗೆ ಮರಳಿತು.

ಜನ್ಮದೋಷದ ವಾದವನ್ನು ಅಲುಗಾಡಿಸಿದ್ದು ಒಬ್ಬ ಕ್ಷೌರಿಕನ ಕೈ. 1940ರ ದಶಕದಲ್ಲಿ ಲಂಡನ್ನಿನ ವೈದ್ಯರಾದ ಪೇಟಿ ಮತ್ತು ಸ್ಕಾರ್ಫ್, ಕ್ಷೌರಿಕನೊಬ್ಬನ ಬೆರಳ ಸಂದಿಯಲ್ಲಿ ಇದೇ ಬಗೆಯ ನಾಳವನ್ನು ಕಂಡು ವರದಿ ಮಾಡಿದರು. ಬೆರಳ ಸಂದಿಯಲ್ಲಿ ಕೂದಲು ಬೆಳೆಯುವುದೇ ಇಲ್ಲ. ಒಳಗೆ ಸಿಕ್ಕಿದ್ದು ಗಿರಾಕಿಗಳ ಕೂದಲು. ಅಂದರೆ ಕೂದಲು ಹೊರಗಿನಿಂದ ಒಳಗೆ ಹೋಗುತ್ತದೆ. ಈ ಒಂದು ಅರಿವಿನಿಂದ ಚಿಕಿತ್ಸೆಯ ದಿಕ್ಕು ಅಂದೇ ಬದಲಾಗಬೇಕಿತ್ತು. ಆದರೂ ಕತ್ತರಿಸಿ ತೆಗೆಯುವ ರೂಢಿ ದಶಕಗಳ ಕಾಲ ಹಾಗೇ ಮುಂದುವರಿಯಿತು. ಶಸ್ತ್ರವೈದ್ಯರ ಗಮನ ಸದಾ ಗಾಯದ ಮೇಲೆ ಇತ್ತು, ಗಾಯ ಮಾಡಿದ ಕೂದಲಿನ ಮೇಲೆ ಇರಲಿಲ್ಲ. ಈ ಇತಿಹಾಸದಲ್ಲಿ ನನ್ನನ್ನು ತೀರ ನೋಯಿಸುವ ಸಂಗತಿ ಇದೇ.

ಕೂದಲು ಒಳಹೊಗುವ ಬಗೆಯನ್ನು ಅತ್ಯಂತ ಸ್ಪಷ್ಟವಾಗಿ ವಿವರಿಸಿದವರು ಗ್ರೀಸಿನ ಸೇನಾ ಶಸ್ತ್ರವೈದ್ಯ ಕರಿಡಾಕಿಸ್. ರೋಗಕ್ಕೆ ಮೂರು ಸಂಗತಿ ಕೂಡಬೇಕು ಎಂದರವರು: ಸಡಿಲವಾದ ಕೂದಲು, ಅದನ್ನು ಒಳಕ್ಕೆ ತಳ್ಳುವ ಬಲ, ಒಳಬಿಟ್ಟುಕೊಳ್ಳುವ ದುರ್ಬಲ ಚರ್ಮ. ಕೂದಲಿನ ಮೇಲ್ಮೈಯಲ್ಲಿ ಒಂದೇ ದಿಕ್ಕಿಗೆ ಬಾಗಿದ ಸೂಕ್ಷ್ಮ ಪದರಗಳಿವೆ. ಬಯಲಲ್ಲಿ ನಡೆದು ಬಂದವರ ಪಂಚೆಗೆ ಹತ್ತಿದ ಊಬು ಅಲುಗಾಡಿಸಿದಷ್ಟೂ ಮುಂದಕ್ಕೇ ನುಗ್ಗುವಂತೆ, ಸೀಳಿನಲ್ಲಿ ಬಿದ್ದ ಕೂದಲು ನಡೆದಾಗ, ಕೂತಾಗ, ಎದ್ದಾಗ ಒಳಗೆ ಸರಿಯುತ್ತದೆ. ಕರಿಡಾಕಿಸ್ ಹೊಲಿಗೆಯನ್ನು ನಡುಗೆರೆಯಿಂದ ಪಕ್ಕಕ್ಕೆ ಸರಿಸಿ, ಸೀಳಿನ ಆಳವನ್ನೇ ಕಡಿಮೆ ಮಾಡುವ ಶಸ್ತ್ರಕ್ರಿಯೆ ರೂಪಿಸಿದರು. 6,000ಕ್ಕೂ ಹೆಚ್ಚು ರೋಗಿಗಳಲ್ಲಿ ಮರುಕಳಿಕೆ ಶೇ. 1ರ ಆಸುಪಾಸು ಎಂದು 1992ರಲ್ಲಿ ವರದಿ ಮಾಡಿದರು. ಅಮೆರಿಕದ ಆರಿಗನ್‌ನಲ್ಲಿ ಜಾನ್ ಬ್ಯಾಸ್ಕಮ್ ಕುಳಿಗಳನ್ನಷ್ಟೇ ಹೆಕ್ಕಿ ತೆಗೆಯುವ, ಆಮೇಲೆ ಸೀಳನ್ನು ಎತ್ತರಿಸುವ ದಾರಿ ಹಿಡಿದರು. ಇವೆಲ್ಲ ಬಲ ಮತ್ತು ಚರ್ಮ ಎಂಬ ಎರಡು ಸಂಗತಿಗಳಿಗೆ ಕೊಟ್ಟ ಉತ್ತರ. ಮೊದಲನೆಯದಾದ ಕೂದಲಿಗೆ ಉತ್ತರ ರೇಜರ್ ಮಾತ್ರವಾಗಿ ಉಳಿಯಿತು.

ರೇಜರಿನ ಕಥೆ ವಿಚಿತ್ರ. ಹವಾಯಿಯ ಟ್ರಿಪ್ಲರ್ ಸೇನಾ ಆಸ್ಪತ್ರೆಯಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಬಾರ್ಸಿಯಾ ಕತ್ತರಿಸುವುದನ್ನು ಬಿಟ್ಟು, ಆ ಜಾಗವನ್ನು ನಿಯಮಿತವಾಗಿ ಬೋಳಿಸುತ್ತ, ಕುರು ಬಂದಾಗ ಪಕ್ಕದಿಂದ ಕೀವು ತೆಗೆಯುತ್ತ ನೋಡಿಕೊಂಡರು. ಸತತ 101 ರೋಗಿಗಳು ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದದ್ದು ಎಲ್ಲ ಸೇರಿ 83 ದಿನ. 17 ವರ್ಷಗಳಲ್ಲಿ ಕತ್ತರಿಸುವ ಶಸ್ತ್ರಕ್ರಿಯೆ ಬೇಕಾದದ್ದು 23 ಬಾರಿ ಎಂದು 1994ರಲ್ಲಿ ಬರೆದರು. ಕೂದಲನ್ನು ಹಿಡಿದರೆ ರೋಗ ಹಿಡಿತಕ್ಕೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಆದರೆ 2009ರಲ್ಲಿ ಜರ್ಮನಿಯ ಸೇನಾ ಆಸ್ಪತ್ರೆಗಳ ದೀರ್ಘಾವಧಿ ಅಧ್ಯಯನ ಇದಕ್ಕೆ ಅಡ್ಡ ಬಂತು. ಶಸ್ತ್ರಕ್ರಿಯೆಯ ನಂತರ ರೇಜರ್ ಬಳಸಿದವರಲ್ಲಿ ಮರುಕಳಿಕೆ ಶೇ. 30.1, ಬಳಸದವರಲ್ಲಿ ಶೇ. 19.7. ರೇಜರ್ ಕೂದಲನ್ನು ಇಲ್ಲವಾಗಿಸುವುದಿಲ್ಲ. ಗಿಡ್ಡ ಮಾಡುತ್ತದೆ, ತುದಿಯನ್ನು ಚೂಪು ಮಾಡುತ್ತದೆ, ಚರ್ಮದಲ್ಲಿ ಕಾಣದ ಗೀರು ಬಿಡುತ್ತದೆ. ಜೊತೆಗೆ, ಕನ್ನಡಿಯಲ್ಲೂ ಸರಿಯಾಗಿ ಕಾಣದ ಜಾಗವನ್ನು ವಾರ ವಾರ ಯಾರು ಬೋಳಿಸಬೇಕು? ಸೈನ್ಯದಲ್ಲಿ ಶಿಸ್ತು ಮತ್ತು ಸಹಾಯಕ ಎರಡೂ ಇರುತ್ತವೆ. ಹಾಸ್ಟೆಲಿನ ಹುಡುಗನಿಗೆ ಎರಡೂ ಇಲ್ಲ.

ಲೇಸರ್ ಬರುವುದು ಈ ಬಿಕ್ಕಟ್ಟಿನ ನಡುವೆ. ಅದರ ತತ್ವವನ್ನು 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಮಂಡಿಸಿದರು. ಒಂದು ನಿರ್ದಿಷ್ಟ ಬಣ್ಣದ ಬೆಳಕನ್ನು, ನಿರ್ದಿಷ್ಟ ಅವಧಿಗೆ ಹರಿಸಿದರೆ ಅದನ್ನು ಹೀರುವ ವಸ್ತು ಮಾತ್ರ ಕಾಯುತ್ತದೆ, ಸುತ್ತಲಿನದು ಉಳಿಯುತ್ತದೆ. ಕೂದಲಿನ ಕಪ್ಪು ಬಣ್ಣ, ಅಂದರೆ ಮೆಲನಿನ್, ಆ ಬೆಳಕನ್ನು ಹೀರುತ್ತದೆ. ಬಿಸಿ ಬುಡಕ್ಕೆ ಇಳಿದು ಮತ್ತೆ ಕೂದಲು ಹುಟ್ಟಿಸುವ ಕೋಶಗಳನ್ನು ಸುಡುತ್ತದೆ. ಎಲ್ಲ ಕೂದಲೂ ಒಂದೇ ವೇಳೆಗೆ ಬೆಳವಣಿಗೆಯ ಹಂತದಲ್ಲಿ ಇರುವುದಿಲ್ಲವಾದ್ದರಿಂದ ಒಂದು ಬಾರಿ ಸಾಲದು. ನರೆತ ಕೂದಲಿಗೆ, ಹೊಂಬಣ್ಣದ ಕೂದಲಿಗೆ ಇದು ನಾಟುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಇದನ್ನು ‘ಶಾಶ್ವತ ಕಡಿತ’ ಎಂದೇ ಒಪ್ಪಿದೆಯೇ ಹೊರತು ಶಾಶ್ವತ ನಿರ್ಮೂಲನೆ ಎಂದಲ್ಲ. ಮತ್ತೆ ಬಂದರೂ ಬರುವ ಕೂದಲು ತೆಳು, ಮೆತ್ತಗೆ. ಈ ರೋಗದಲ್ಲಿ ಅಷ್ಟಾದರೂ ದೊಡ್ಡ ಲಾಭವೇ: ತೆಳು ಕೂದಲಿಗೆ ಚರ್ಮ ಕೊರೆಯುವ ಕಸುವಿಲ್ಲ.

ಈಗ ಕೊಲಂಬಸ್ಸಿನ ಪ್ರಯೋಗಕ್ಕೆ ಮರಳೋಣ. ಅದರ ದೊಡ್ಡ ಬಲ, ಎರಡೂ ಗುಂಪಿಗೆ ಕೂದಲು ತೆಗೆಯಲು ಹೇಳಿದ್ದು. ಹಾಗಾಗಿ ಹೋಲಿಕೆ ನಡೆದದ್ದು ರೇಜರ್-ಕ್ರೀಮುಗಳ ಜೊತೆ ಲೇಸರನ್ನೂ ಪಡೆದವರ ಮತ್ತು ರೇಜರ್-ಕ್ರೀಮುಗಳನ್ನಷ್ಟೇ ಬಳಸಿದವರ ನಡುವೆ. ಏನೂ ಮಾಡದವರ ಎದುರು ಲೇಸರನ್ನು ನಿಲ್ಲಿಸಿ ಗೆಲ್ಲಿಸಿದ್ದಲ್ಲ. ಆದರೆ ವರದಿಯಲ್ಲಿ ಒಂದು ದೊಡ್ಡ ಬಿರುಕಿದೆ. ವರ್ಷದ ಕೊನೆಗೆ ಮಾಹಿತಿ ಸಿಕ್ಕಿದ್ದು ವಾಡಿಕೆಯ ಗುಂಪಿನ 151 ಮಂದಿಯಲ್ಲಿ 134 ಜನರದ್ದು. ಲೇಸರ್ ಗುಂಪಿನ 151ರಲ್ಲಿ 96 ಜನರದ್ದು ಮಾತ್ರ. 55 ಮಂದಿಗೆ ಏನಾಯಿತೆಂಬುದು ಲೆಕ್ಕದಲ್ಲಿ ಇಲ್ಲ. ಶೇ. 10.4 ಎನ್ನುವುದು ಉಳಿದ 96ರಲ್ಲಿ 10.

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಕಾಣೆಯಾದ 55 ಮಂದಿಗೆ ಲೇಸರಿನಿಂದ ಯಾವ ಉಪಯೋಗವೂ ಆಗಲಿಲ್ಲ, ವಾಡಿಕೆಯ ಗುಂಪಿನಷ್ಟೇ ಮರುಕಳಿಕೆ ಅವರಲ್ಲೂ ಆಯಿತು ಎಂದುಕೊಂಡರೆ, ಲೇಸರ್ ಗುಂಪಿನ ಒಟ್ಟು ಮರುಕಳಿಕೆ ಶೇ. 19ರ ಹತ್ತಿರ ನಿಲ್ಲುತ್ತದೆ. ಅವರಲ್ಲಿ ಅರ್ಧದಷ್ಟು ಮಂದಿಗೆ ಮರಳಿತು ಎಂದರೆ ಶೇ. 25. ಎರಡೂ ಗುಂಪು ಸಮವಾಗಬೇಕಾದರೆ 55ರಲ್ಲಿ ಸುಮಾರು 40 ಮಂದಿಗೆ ರೋಗ ಮರಳಿರಬೇಕು. ಹಾಗಾಗಿರುವ ಸಂಭವ ಕಡಿಮೆ. ಆದ್ದರಿಂದ ಲೇಸರಿನ ಗೆಲುವು ನಿಜ ಎಂದೇ ನಾನು ನಂಬುತ್ತೇನೆ. ಆದರೆ ಅದರ ಅಳತೆ ‘ಮೂರರಿಂದ ಒಂದಕ್ಕೆ’ ಎಂಬಷ್ಟು ದೊಡ್ಡದಿರಲಿಕ್ಕಿಲ್ಲ. ರೋಗಿಗೆ ಅಂಕಿ ಹೇಳುವ ವೈದ್ಯರು ಶೇ. 10 ಎಂದು ಬಾಯಿಪಾಠ ಒಪ್ಪಿಸುವ ಮುನ್ನ ಈ 55 ಮಂದಿಯನ್ನು ನೆನೆಯಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಮರುಕಳಿಕೆ ಇಷ್ಟು ತಗ್ಗಿದರೂ, ರೋಗಿಗಳು ಮತ್ತು ಅವರ ಮನೆಯವರು ಕಳೆದುಕೊಂಡ ದಿನಗಳಲ್ಲಿ, ಬದುಕಿನ ಗುಣಮಟ್ಟದಲ್ಲಿ, ಆಸ್ಪತ್ರೆಗೆ ಬಂದ ಬಾರಿಯಲ್ಲಿ, ಈ ರೋಗಕ್ಕಾಗಿ ನಡೆದ ಶಸ್ತ್ರಕ್ರಿಯೆಗಳಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದು ಹೇಗೆ ಸಾಧ್ಯ? ಮರುಕಳಿಕೆ ಎನ್ನುವುದರೊಳಗೆ ಆಂಟಿಬಯೋಟಿಕ್‌ನಲ್ಲಿ ಇಳಿಯುವ ಸಣ್ಣ ಸೋಂಕೂ ಇರುತ್ತದೆ, ಚಾಕು ಬೇಡುವ ಕುರುವೂ ಇರುತ್ತದೆ. ಲೇಸರ್ ಹೆಚ್ಚಾಗಿ ಮೊದಲ ಬಗೆಯದನ್ನೇ ತಡೆದಿದ್ದರೆ ಶಸ್ತ್ರಕ್ರಿಯೆಯ ಲೆಕ್ಕ ಕದಲದೆ ಉಳಿದೀತು. ಅಥವಾ ಒಂದು ವರ್ಷ ಎಂಬ ಗಡುವೇ ಚಿಕ್ಕದಾಯಿತು. ಸುಮಾರು 90,000 ರೋಗಿಗಳ ದತ್ತಾಂಶವನ್ನು ಕೂಡಿಸಿ ಜರ್ಮನ್ ಸಂಶೋಧಕರು 2018ರಲ್ಲಿ ತೋರಿಸಿದ್ದು ಇದನ್ನೇ: ಈ ರೋಗದ ಮರುಕಳಿಕೆ ವರ್ಷ ಕಳೆದಂತೆ ಏರುತ್ತಲೇ ಹೋಗುತ್ತದೆ, ಹಾಗಾಗಿ ಎಷ್ಟು ಕಾಲ ಕಾದು ಎಣಿಸಿದ್ದೀರಿ ಎಂಬುದನ್ನು ಹೇಳದ ಅಂಕಿಗೆ ಅರ್ಥವಿಲ್ಲ. ಲೇಸರಾದ ಕೂದಲು ಎರಡು ಮೂರು ವರ್ಷದಲ್ಲಿ ಅಲ್ಲಲ್ಲಿ ಮರಳುವುದುಂಟು. ಆಗ ಏನಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ, ಮತ್ತು ಈ ಪ್ರಯೋಗ ಅಲ್ಲಿಗೆ ಮುಟ್ಟುವುದಿಲ್ಲ.

ಉಳಿದ ಅಧ್ಯಯನಗಳು ಹೆಚ್ಚಿನವು ಸಣ್ಣವು. ಶಸ್ತ್ರಕ್ರಿಯೆಯ ನಂತರದ ಕೂದಲು ತೆಗೆಯುವಿಕೆಯ ಬಗ್ಗೆ 2018ರಲ್ಲಿ ಬಂದ ಡಚ್ ಸಮೀಕ್ಷೆ ಲೇಸರ್ ಪಡೆದವರಲ್ಲಿ ಮರುಕಳಿಕೆ ಶೇ. 9.3, ರೇಜರ್ ಅಥವಾ ಕ್ರೀಮ್ ಬಳಸಿದವರಲ್ಲಿ ಶೇ. 23.4, ಏನೂ ಮಾಡದವರಲ್ಲಿ ಶೇ. 19.7 ಎಂದು ಕೂಡಿಸಿ ಹೇಳಿತು. ಬೇರೆ ಬೇರೆ ಊರಿನ, ಬೇರೆ ಬೇರೆ ಶಸ್ತ್ರಕ್ರಿಯೆಯ ರೋಗಿಗಳನ್ನು ಒಂದೇ ರಾಶಿಗೆ ಹಾಕಿದ ಲೆಕ್ಕ ಅದು. ಟರ್ಕಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಂತೂ ಲೇಸರ್ ಗುಂಪಿನಲ್ಲೇ ಮರುಕಳಿಕೆ ಹೆಚ್ಚು ಕಂಡಿತು. ಲೇಸರಿನ ಪರ ಇರುವವರು ಈ ಕೊನೆಯದನ್ನು ಬದಿಗೆ ಸರಿಸಿ ಮಾತಾಡುತ್ತಾರೆ. ಸರಿಸಬಾರದು. ಕೊಲಂಬಸ್ಸಿನ ಪ್ರಯೋಗ ಅದಕ್ಕಿಂತ ದೊಡ್ಡದು, ಹಾಗಾಗಿ ಹೆಚ್ಚು ತೂಕದ್ದು ಎಂದು ವಾದಿಸಿ ಗೆಲ್ಲಬೇಕು.

ತಾತ್ವಿಕವಾಗಿಯೂ ಒಂದು ತೊಡಕಿದೆ. ಒಳಹೊಕ್ಕ ಕೂದಲು ಯಾವ ಭಾಗದ್ದು? ಜರ್ಮನಿಯ ಡೀಟ್ರಿಚ್ ಡೋಲ್ ಮತ್ತು ಸಂಗಡಿಗರು 2017-18ರಲ್ಲಿ ನಾಳಗಳಿಂದ ತೆಗೆದ ಕೂದಲನ್ನು ಒಂದೊಂದಾಗಿ ಪರೀಕ್ಷಿಸಿದರು. ಬುಡವಿಲ್ಲದ, ಕತ್ತರಿಸಿದ ಚೂಪು ತುದಿಯ ತುಂಡುಗಳೇ ಅಲ್ಲಿ ಹೇರಳವಾಗಿದ್ದವು, ಮತ್ತು ಅವು ತಲೆಯ ಹಿಂಭಾಗದ ಕೂದಲನ್ನು ಹೋಲುತ್ತಿದ್ದವು. ಅಂದರೆ ಕ್ಷೌರದಂಗಡಿಯಲ್ಲಿ ಕತ್ತರಿಸಿದ ತುಣುಕುಗಳು ಕುತ್ತಿಗೆಯಿಂದ ಅಂಗಿಯೊಳಗೆ ಜಾರಿ, ಬೆನ್ನಿನಗುಂಟ ಇಳಿದು ಸೀಳು ಸೇರುತ್ತವೆ. ಕೂದಲು ತಲೆಯಿಂದ ಬರುವುದಾದರೆ ಪೃಷ್ಠಕ್ಕೆ ಲೇಸರ್ ಹೊಡೆದು ಏನು ಫಲ? ಈ ಪ್ರಶ್ನೆಗೆ ನನಗೆ ಒಪ್ಪಿಗೆಯಾಗುವ ಉತ್ತರ ಇದು: ಸ್ಥಳದ ದಟ್ಟ ಕೂದಲು ಬಿದ್ದ ತುಂಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆವರು ಮತ್ತು ಕೊಳೆಯನ್ನು ನಿಲ್ಲಿಸುತ್ತದೆ, ಅದಿಲ್ಲದ ನುಣುಪು ಚರ್ಮದಿಂದ ತುಂಡು ಸ್ನಾನದ ನೀರಿನಲ್ಲಿ ಹರಿದುಹೋಗುತ್ತದೆ. ಇದು ತರ್ಕ, ಸಿದ್ಧವಾದ ಸತ್ಯವಲ್ಲ. ಆದರೆ ಡೋಲರ ಕೆಲಸದಿಂದ ಖರ್ಚಿಲ್ಲದ ಒಂದು ಬುದ್ಧಿಮಾತು ಹೊರಡುತ್ತದೆ. ಲೇಸರ್ ಕೇಂದ್ರಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಇಲ್ಲಿ ಹೇಳುತ್ತೇನೆ: ಕ್ಷೌರ ಮುಗಿದ ಕೂಡಲೇ ಮನೆಗೆ ಬಂದು ಬೆನ್ನು ತೊಳೆದು ಸ್ನಾನ ಮಾಡಿ. ಕ್ಷೌರ ಮಾಡಿಸಿಕೊಂಡವರು ಸ್ನಾನ ಮಾಡದೆ ಒಳಗೆ ಬರಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯರು ಗದರಿಸುತ್ತಿದ್ದರು. ಮಡಿಯ ಕಾರಣಕ್ಕೆ ಬಂದ ಆ ರೂಢಿ ಮಡಿಯನ್ನು ಬಿಟ್ಟರೂ ಈ ರೋಗಿಗಳಿಗೆ ಉಪಯೋಗದ್ದು.

ಕರ್ನಾಟಕದ ರೋಗಿಗೆ ಇದೆಲ್ಲ ಹೇಗೆ ಅನ್ವಯಿಸುತ್ತದೆ? ಮೊದಲ ಅಡಚಣೆ ಚರ್ಮದ್ದು. ಫಿಟ್ಸ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯ 1975ರಲ್ಲಿ ಆರಂಭಿಸಿದ ವರ್ಗೀಕರಣದಲ್ಲಿ ಇಂದು ಆರು ಮೆಟ್ಟಿಲುಗಳಿವೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದರಲ್ಲಿ ಬರುತ್ತೇವೆ. ಕಪ್ಪು, ದಪ್ಪ ಕೂದಲು ಲೇಸರಿಗೆ ಒಳ್ಳೆಯ ಗುರಿ. ಆದರೆ ಚರ್ಮದಲ್ಲೂ ಅದೇ ಮೆಲನಿನ್ ಇರುವುದರಿಂದ ಬೆಳಕನ್ನು ಚರ್ಮವೇ ಹೀರಿ ಸುಟ್ಟುಕೊಳ್ಳುವ ಅಪಾಯವಿದೆ. ಪೃಷ್ಠದ ಸೀಳಿನ ಚರ್ಮವಂತೂ ಮೈಬಣ್ಣಕ್ಕಿಂತ ಗಾಢ. ಅದಕ್ಕೇ ಕಂದು ಚರ್ಮಕ್ಕೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಸುರಕ್ಷಿತ ಎನ್ನುತ್ತಾರೆ. ಅದು ಆಳಕ್ಕೆ ಇಳಿಯುತ್ತದೆ, ಮೇಲ್ಪದರದ ಬಣ್ಣವನ್ನು ಕಡಿಮೆ ಕೆಣಕುತ್ತದೆ. 755ರ ಅಲೆಕ್ಸಾಂಡ್ರೈಟ್ ಬಿಳಿ ಚರ್ಮಕ್ಕೆ ಚುರುಕು, ನಮಗೆ ಅಪಾಯಕಾರಿ. ಪಾರ್ಲರುಗಳಲ್ಲಿ ‘ಲೇಸರ್’ ಎಂದು ಹೇಳಿ ಬಳಸುವ ಐಪಿಎಲ್ ಯಂತ್ರ ಲೇಸರೇ ಅಲ್ಲ. ಹಲವು ಬಣ್ಣದ ಬೆಳಕಿನ ಮಿಂಚು ಅದು. ಕೀವಿನ ಇತಿಹಾಸವಿರುವ ಜಾಗವನ್ನು ಅಂಥ ಕಡೆ ಒಪ್ಪಿಸಬಾರದು. ಕೆಲವರಲ್ಲಿ ಲೇಸರ್ ಮಾಡಿದ ಜಾಗದ ಸುತ್ತ ಕೂದಲು ಮೊದಲಿಗಿಂತ ಹೆಚ್ಚಾಗುವುದೂ ಉಂಟು, ಮತ್ತು ಅದು ವರದಿಯಾಗಿರುವುದು ಗಾಢ ಬಣ್ಣದ ಚರ್ಮದಲ್ಲೇ ಹೆಚ್ಚು.

ಎರಡನೆಯದು ಹೆಸರಿನ ಗೊಂದಲ. ಬೆಂಗಳೂರಿನ ಫ್ಲೆಕ್ಸುಗಳಲ್ಲಿ ಪೈಲ್ಸ್, ಫಿಶರ್, ಫಿಸ್ಟುಲಾ, ಪೈಲೊನಿಡಲ್ ಎಂದು ಸಾಲಾಗಿ ಬರೆದು ಕೆಳಗೆ ‘ಲೇಸರ್ ಚಿಕಿತ್ಸೆ’ ಎಂದಿರುತ್ತದೆ. ಅಲ್ಲಿ ಲೇಸರ್ ಎಂದರೆ ನಾಳದೊಳಗೆ ಫೈಬರ್ ತೂರಿಸಿ ಒಳಗಿನಿಂದ ಸುಡುವ ಶಸ್ತ್ರಕ್ರಿಯೆ. ಕೂದಲಿನ ಬುಡ ಸುಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊಲಂಬಸ್ಸಿನ ಅಂಕಿಯನ್ನು ತೋರಿಸಿ ಈ ಶಸ್ತ್ರಕ್ರಿಯೆಯನ್ನು ಯಾರಾದರೂ ಮಾರಿದರೆ ಅದು ಮೋಸ. ಅದೇ ರೀತಿ, ಹಳೆಯ ನಾಳವನ್ನು ಕೂದಲಿನ ಲೇಸರ್ ಒಂದೇ ಮಾಯಿಸುತ್ತದೆಂದು ಹೇಳುವುದೂ ತಪ್ಪು. ಒಳಗೆ ಗೂಡು ಕಟ್ಟಿದ ಕೂದಲನ್ನು ತೆಗೆಯಲೇಬೇಕು. ಕುರು ಇದ್ದರೆ ಮೊದಲು ಕೀವು ಹೊರಬರಬೇಕು. ನಮ್ಮ ಆಯುರ್ವೇದ ಆಸ್ಪತ್ರೆಗಳಲ್ಲಿ ಕ್ಷಾರಸೂತ್ರ (ಕ್ಷಾರ ಲೇಪಿಸಿದ ದಾರ) ಕಟ್ಟಿಸಿಕೊಂಡವರಿಗೂ ಈ ಮಾತು ಸಲ್ಲುತ್ತದೆ: ನಾಳ ಮುಚ್ಚಿದ ಮೇಲೂ ಕೂದಲು ಬೆಳೆಯುತ್ತಲೇ ಇರುತ್ತದೆ.

ಮೂರನೆಯದು ಹಣ. ಒಂದೊಂದು ಬಾರಿಗೂ ಸಾವಿರಾರು ರೂಪಾಯಿ, ಅದೂ ಐದಾರು ಬಾರಿ. ಶಸ್ತ್ರಕ್ರಿಯೆಗೆ ವಿಮೆ ಸಿಗುತ್ತದೆ; ಕೂದಲು ತೆಗೆಯುವುದು ‘ಸೌಂದರ್ಯ ಚಿಕಿತ್ಸೆ’ಯ ಖಾನೆಗೆ ಬಿದ್ದು ಸಾಮಾನ್ಯವಾಗಿ ಹೊರಗುಳಿಯುತ್ತದೆ. ಅಮೆರಿಕದಲ್ಲೂ ವಿಮಾ ಕಂಪನಿಗಳ ಜೊತೆ ಇದೇ ಜಗಳ. ಮೂರನೇ ಬಾರಿ ಕತ್ತರಿಸಲು ಹಣ ಕೊಡುವ ವ್ಯವಸ್ಥೆ, ಮೂರನೇ ಬಾರಿ ಕತ್ತರಿಸದಂತೆ ತಡೆಯಲು ಹಣ ಕೊಡುವುದಿಲ್ಲ. ಇದನ್ನು ಒಪ್ಪಿಕೊಂಡು ಸುಮ್ಮನಿರಲು ನನಗೆ ಆಗುವುದಿಲ್ಲ.

ಸಂಕೋಚದ ಮಾತೂ ಇದೆ. ಹದಿನೇಳರ ಹುಡುಗ ‘ಕೂರೋಕೆ ಆಗ್ತಿಲ್ಲ’ ಎಂದು ಅಮ್ಮನಿಗೆ ಹೇಳುವುದೇ ಕಷ್ಟ; ಹೇಳಿದರೂ ಮನೆಯವರು ಅದನ್ನು ಮೂಲವ್ಯಾಧಿ ಎಂದುಕೊಂಡು ಖಾರ ಬಿಡಿಸುತ್ತಾರೆ. ಹುಡುಗಿಯಾದರೆ ಇನ್ನೂ ತಡ. ಲೇಸರಿಗೂ ಬಟ್ಟೆ ಸರಿಸಿ ಬೋರಲು ಮಲಗಲೇಬೇಕು, ಮೊದಲು ಆ ಜಾಗವನ್ನು ಬೋಳಿಸಿಕೊಳ್ಳಲೇಬೇಕು, ಪ್ರತಿ ಮಿಂಚಿಗೂ ರಬ್ಬರ್ ಬ್ಯಾಂಡ್ ಬಡಿದಂಥ ಚುರುಕು ತಡೆಯಲೇಬೇಕು. ಲೇಸರ್ ಗುಂಪಿನ ಅಷ್ಟು ಮಂದಿಯ ಮಾಹಿತಿ ಕೊನೆಗೆ ಸಿಗದೆ ಹೋದದ್ದಕ್ಕೆ ಇವೂ ಕಾರಣವಿರಬಹುದೇ ಎಂದು ನನಗೆ ಅನುಮಾನ. ಐದು ಬಾರಿ ಮುಗಿಸುವ ತನಕ ಯುವ ರೋಗಿಯನ್ನು ಗೌರವದಿಂದ ಹಿಡಿದಿಟ್ಟುಕೊಳ್ಳುವುದು ಯಂತ್ರದ ತರಂಗಾಂತರದಷ್ಟೇ ಮುಖ್ಯ. ಪರದೆ, ಒಬ್ಬರೇ ಪರಿಚಿತ ಸಿಬ್ಬಂದಿ, ಹುಡುಗಿಯರಿಗೆ ಮಹಿಳಾ ವೈದ್ಯೆ — ಇವು ಯಾವ ಪತ್ರಿಕೆಯ ಕೋಷ್ಟಕದಲ್ಲೂ ಬರುವುದಿಲ್ಲ.

ಅಮೆರಿಕದ ಕರುಳು-ಗುದ ಶಸ್ತ್ರವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ, ಕುರು ಇಲ್ಲದ ರೋಗಿಗಳಿಗೆ ಬೋಳಿಸುವುದನ್ನೂ ಲೇಸರನ್ನೂ ಒಪ್ಪಿದೆ. ಕೊಲಂಬಸ್ಸಿನ ಫಲಿತಾಂಶ ಬಂದ ಮೇಲೆ ನನ್ನ ಮಟ್ಟಿಗೆ ಲೇಸರ್ ರೇಜರಿಗಿಂತ ಮುಂದಿನ ಸ್ಥಾನದಲ್ಲಿದೆ, ಒಳ್ಳೆಯ ಶಸ್ತ್ರಕ್ರಿಯೆಯ ಪಕ್ಕದಲ್ಲಿದೆ, ಅದರ ಬದಲಿಗೆ ಅಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮತ್ತು ಚರ್ಮ ವಿಭಾಗ ಎರಡೂ ಒಂದೇ ಆವರಣದಲ್ಲಿವೆ. ಪೈಲೊನಿಡಲ್ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ ಡ್ರೆಸ್ಸಿಂಗ್ ತಾರೀಖಿನ ಕೆಳಗೆ ಚರ್ಮ ವಿಭಾಗಕ್ಕೆ ಹೋಗಬೇಕಾದ ತಾರೀಖನ್ನೂ ಬರೆಯಲು ಸರ್ಕಾರದ ಆದೇಶವೇನೂ ಬೇಕಿಲ್ಲ. ಬರೆದು, ಹಾಗೆ ಹೋದವರನ್ನು ಐದು ವರ್ಷ ಬಿಡದೆ ಎಣಿಸಿದರೆ, ಕಂದು ಚರ್ಮದ ಮೇಲೆ ಈ ಚಿಕಿತ್ಸೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದಕ್ಕೆ ಕೊಲಂಬಸ್ ಕೊಡಲಾರದ ಉತ್ತರ ಇಲ್ಲಿಂದಲೇ ಸಿಕ್ಕೀತು.